ಎಷ್ಟು ಮಡಿ ಸಾಕು?

"ಲಿನಕ್ಸ್ ಹಾಕ್ಕೋಬೇಕು ಅಂತಿದ್ದೀನಿ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?" ಕಂಪ್ಯೂಟರಿನ ಬಗ್ಗೆ ನನಗೆ ನಾಲ್ಕಕ್ಷರ ಗೊತ್ತು ಎಂಬ ಸುದ್ದಿ ನೆಂಟರಿಷ್ಟರಲ್ಲಿ ಹಬ್ಬಿದ ಮೇಲೆ ವರ್ಷಕ್ಕೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ನನ್ನ ಬಳಿ ಬರುತ್ತದೆ. ನೋಡಿದರೆ ಇದು ಅಂಗಡಿಯ ಪ್ರಶ್ನೆ. ಒಂದು ಮಾದರಿಯ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಉತ್ತರ ಹೇಳುವಾಗೆಲ್ಲ ನನಗೊಂದು ಮುಜುಗರ ಕಾಡುತ್ತದೆ. ಹಣ ಅವರದು. ಮುಂದಿನ ಐದಾರು ವರ್ಷ ಆ ಯಂತ್ರದ ಜೊತೆ ಏಗಬೇಕಾದವರೂ ಅವರೇ. ಆದರ್ಶ ಮಾತ್ರ ನನ್ನದು. ಇನ್ನೊಬ್ಬರ ಜೇಬಿನಿಂದ ನನ್ನ ಆದರ್ಶಕ್ಕೆ ಎಷ್ಟು ಖರ್ಚು ಮಾಡಿಸಬಹುದು? ಈ ಬರಹ ಆ ಪ್ರಶ್ನೆಯ ಸುತ್ತ.

ಮೊದಲು, ಲಿನಕ್ಸ್ ಹಾಕಲು ಲ್ಯಾಪ್‌ಟಾಪನ್ನು ಆರಿಸಬೇಕಾಗುವುದಾದರೂ ಯಾಕೆ ಎಂಬುದನ್ನು ಹೇಳಬೇಕು. ಕಂಪ್ಯೂಟರಿನೊಳಗೆ ವೈಫೈಗೆ ಒಂದು ಚಿಪ್, ಚಿತ್ರ ಮೂಡಿಸಲು ಒಂದು, ಧ್ವನಿಗೆ ಒಂದು, ಬೆರಳಚ್ಚು ಓದಲು ಒಂದು, ಹೀಗೆ ಹತ್ತಾರು ತುಂಡುಗಳಿರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಭಾಷೆ. ಆಪರೇಟಿಂಗ್ ಸಿಸ್ಟಮ್ ಅವುಗಳೊಡನೆ ಮಾತಾಡಬೇಕಾದರೆ ನಡುವೆ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್. ವಿಂಡೋಸ್‌ಗೆ ಬೇಕಾದ ಡ್ರೈವರನ್ನು ಚಿಪ್ ಮಾಡುವ ಕಂಪನಿಯೇ ಬರೆದುಕೊಡುತ್ತದೆ, ಏಕೆಂದರೆ ಅದರ ಮಾರುಕಟ್ಟೆ ಅಲ್ಲಿದೆ. ಲಿನಕ್ಸ್‌ಗೆ ಕೆಲವರು ಬರೆದುಕೊಡುತ್ತಾರೆ, ಕೆಲವರು ಚಿಪ್ಪಿನ ವಿವರಗಳನ್ನಾದರೂ ಕೊಡುತ್ತಾರೆ, ಕೆಲವರು ಎರಡನ್ನೂ ಕೊಡುವುದಿಲ್ಲ. ಕೊಡದವರ ಚಿಪ್ಪಿನ ಭಾಷೆಯನ್ನು ಯಾರೋ ಒಬ್ಬ ಸ್ವಯಂಸೇವಕ ತಿಂಗಳುಗಟ್ಟಲೆ ಕೂತು, ಒಳಗೆ ಹೋಗುವ ಸಂಕೇತ ಯಾವುದು, ಹೊರಗೆ ಬರುವುದು ಯಾವುದು ಎಂದು ನೋಡಿ ನೋಡಿ ಊಹಿಸಬೇಕು. ಬ್ರಾಡ್‌ಕಾಮ್‌ನ ವೈಫೈ ಚಿಪ್‌ಗಳು ಹಲವು ವರ್ಷ ಹೀಗೆಯೇ ನಡೆದವು. 2010ರಲ್ಲಿ ಆ ಕಂಪನಿಯೇ ಒಂದು ಮುಕ್ತ ಡ್ರೈವರ್ ಬಿಡುಗಡೆ ಮಾಡಿತು. ಎನ್‌ವಿಡಿಯಾ ಗ್ರಾಫಿಕ್ಸ್ ಬಗ್ಗೆ ಲಿನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಕ್ಯಾಮೆರಾ ಎದುರೇ ಬೈದದ್ದು ಈ ಲೋಕದಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಅದಾಗಿ ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ, ಆ ಕಂಪನಿ ತನ್ನ ಡ್ರೈವರಿನ ಒಂದು ಭಾಗವನ್ನು ಮುಕ್ತಗೊಳಿಸಿತು.

ಹಾಗಾಗಿ ಅಂಗಡಿಯಲ್ಲಿ ಒಂದೇ ಬೆಲೆಯ, ಒಂದೇ ಹೊಳಪಿನ ಎರಡು ಲ್ಯಾಪ್‌ಟಾಪ್ ಅಕ್ಕಪಕ್ಕ ಕೂತಿದ್ದರೂ ಒಂದರಲ್ಲಿ ಲಿನಕ್ಸ್ ಹಾಕಿದ ಹತ್ತೇ ನಿಮಿಷಕ್ಕೆ ಎಲ್ಲ ಸರಾಗ. ಇನ್ನೊಂದರಲ್ಲಿ ಮುಚ್ಚಳ ಮುಚ್ಚಿದರೆ ನಿದ್ದೆ ಹೋಗುವುದಿಲ್ಲ, ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಖಾಲಿಯಾಗುತ್ತದೆ, ಇಲ್ಲವೇ ಕ್ಯಾಮೆರಾ ಕಣ್ಣು ತೆರೆಯುವುದಿಲ್ಲ. ವ್ಯತ್ಯಾಸ ಇರುವುದು ಯಂತ್ರದ ಶಕ್ತಿಯಲ್ಲಿ ಅಲ್ಲ. ಅದರ ಒಳಗನ್ನು ಮಾಡಿದವರು ಮಾತಾಡಲು ಒಪ್ಪಿದ್ದಾರೆಯೇ ಇಲ್ಲವೇ ಎಂಬುದರಲ್ಲಿ.

ಈ ಮಾತಾಡಲು ಒಪ್ಪದಿರುವಿಕೆಯಿಂದಲೇ ಮುಕ್ತ ತಂತ್ರಾಂಶದ ಕತೆಯೂ ಶುರುವಾಗುತ್ತದೆ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರನ್ನು ಕೊಟ್ಟಿತು. ಕಾಗದ ಸಿಕ್ಕಿಹಾಕಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿನ ಪ್ರಿಂಟರಿನಲ್ಲಿ ರಿಚರ್ಡ್ ಸ್ಟಾಲ್ಮನ್ ಅದರ ಪ್ರೋಗ್ರಾಮನ್ನು ತಿದ್ದಿ, ಕಾಗದ ಸಿಕ್ಕಿಕೊಂಡಾಗ ಕಾಯುತ್ತಿದ್ದವರಿಗೆ ಸುದ್ದಿ ಹೋಗುವಂತೆ ಮಾಡಿದ್ದ. ಹೊಸದರ ಪ್ರೋಗ್ರಾಮ್ ಕೊಟ್ಟಿರಲಿಲ್ಲ. ಅದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇದೆ ಎಂದು ತಿಳಿದು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕಂಪನಿಗೆ ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದ. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಟೋರ್ವಾಲ್ಡ್ಸ್ ಬರೆಯುತ್ತಿದ್ದ ಕರ್ನಲ್ಲಿನ ಸುದ್ದಿ ಹೊರಬಿತ್ತು. ಎರಡೂ ಸೇರಿ ಇಂದು ನಾವು ಲಿನಕ್ಸ್ ಎಂದು ಕರೆಯುವುದು ಆಯಿತು. ನನ್ನನ್ನು ಈ ಕತೆಯಲ್ಲಿ ಹಿಡಿಯುವುದು ಪ್ರಿಂಟರ್ ಅಲ್ಲ. ಆ ಇನ್ನೊಬ್ಬ. ಅವನೇನೂ ಕೆಟ್ಟವನಲ್ಲ, ಕೊಟ್ಟ ಮಾತು ಉಳಿಸಿಕೊಂಡ ಅಷ್ಟೆ. ಆದರೆ ಅವನು ಕೊಟ್ಟ ಮಾತು, ಮುಂದೆ ತನ್ನ ಬಳಿಗೆ ಸಹಾಯ ಕೇಳಿ ಬರಲಿರುವ ಎಲ್ಲರಿಗೂ ಇಲ್ಲ ಎನ್ನುತ್ತೇನೆಂಬ ಮಾತು. ನಾವು ಲ್ಯಾಪ್‌ಟಾಪ್ ಕೊಳ್ಳುವಾಗಲೂ ಇಂಥ ಮಾತುಗಳ ಕಟ್ಟೊಂದನ್ನು ಜೊತೆಗೆ ಮನೆಗೆ ತರುತ್ತೇವೆ.

ಹಾಗಾದರೆ ಇಂಥ ಯಾವ ಕಟ್ಟೂ ಇಲ್ಲದ ಲ್ಯಾಪ್‌ಟಾಪ್ ಸಿಗುವುದಿಲ್ಲವೇ? ಬಹುಮಟ್ಟಿಗೆ ಸಿಗುತ್ತದೆ, ಹಿಂದಕ್ಕೆ ಹೋದರೆ. ಸ್ಟಾಲ್ಮನ್ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಯಂತ್ರಗಳಿಗೆ ಒಂದು ಪ್ರಮಾಣಪತ್ರ ಕೊಡುತ್ತದೆ. ಅದನ್ನು ಪಡೆದ ಮೊದಲ ಲ್ಯಾಪ್‌ಟಾಪ್, 2013ರ ಕೊನೆಯಲ್ಲಿ, ಥಿಂಕ್‌ಪ್ಯಾಡ್ ಎಕ್ಸ್60. ಅದು 2006ರ ಯಂತ್ರ. ಹಳೆಯದನ್ನು ತಂದು, ಅದರ ಬಯೋಸನ್ನು ತೆಗೆದು ಮುಕ್ತವಾದದ್ದನ್ನು ಕೂರಿಸಿ, ವೈಫೈ ಕಾರ್ಡನ್ನೂ ಬದಲಿಸಿ ಮಾರಿದ್ದರು. ಹೊಸ ಯಂತ್ರಗಳಿಗೆ ಆ ಪತ್ರ ಸಿಗುವುದು ಕಷ್ಟ. 2008ರ ನಂತರದ ಇಂಟೆಲ್ ಯಂತ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಸಣ್ಣ ಕಂಪ್ಯೂಟರೊಂದು ಒಳಗೇ ಕೂತಿರುತ್ತದೆ. ನಮ್ಮ ಆಪರೇಟಿಂಗ್ ಸಿಸ್ಟಮ್ ಯಾವುದೇ ಇರಲಿ, ಅದು ತನ್ನದೇ ಪ್ರೋಗ್ರಾಮ್ ಓಡಿಸುತ್ತದೆ. ಅದನ್ನು ತಿದ್ದಲು ನಮಗೆ ಅಧಿಕಾರವಿಲ್ಲ. ಇನ್ನು ಇಂಟೆಲ್ ವೈಫೈ: ಅದರ ಡ್ರೈವರ್ ಪೂರ್ತಿ ಮುಕ್ತ, ಲಿನಕ್ಸ್‌ನಲ್ಲಿ ಸೊಗಸಾಗಿ ನಡೆಯುತ್ತದೆ. ಆದರೆ ಆ ಚಿಪ್ ಎದ್ದು ಕೂರಬೇಕಾದರೆ ಫರ್ಮ್‌ವೇರ್ ಎಂಬ ಒಂದು ಮುಚ್ಚಿದ ಕಡತವನ್ನು ಅದರ ಬಾಯಿಗೆ ಹಾಕಲೇಬೇಕು. ಲಿನಕ್ಸ್‌ಗೆ ಒಳ್ಳೆಯದು ಎಂದು ಜನ ಶಿಫಾರಸು ಮಾಡುವ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವುಗಳ ಸ್ಥಿತಿ ಇದು. ಸೆಕ್ಯೂರ್ ಬೂಟ್ ಇದ್ದರೆ ಯಂತ್ರ ಏಳುವಾಗ ಮೊದಲು ನೋಡುವುದೂ ಸಾಮಾನ್ಯವಾಗಿ ಮೈಕ್ರೋಸಾಫ್ಟ್‌ನ ಸಹಿಯನ್ನೇ. ಪ್ರಮುಖ ಲಿನಕ್ಸ್ ಹಂಚಿಕೆಗಳು ಆ ಸಹಿ ಹಾಕಿಸಿಕೊಂಡೇ ಒಳಗೆ ಬರುತ್ತವೆ. ಸೆಕ್ಯೂರ್ ಬೂಟನ್ನು ಆರಿಸಬಹುದು ಎನ್ನುವುದು ಬೇರೆ ಮಾತು.

ಇಲ್ಲಿಗೆ ಬಂದಾಗ ನನಗೆ ನೆನಪಾಗುವುದು ಅಜ್ಜಿಯ ಅಡುಗೆಮನೆಯ ಮಡಿ. ಅಕ್ಕಿ ಬೇಯಿಸಿ ಅನ್ನ ಮಾಡಿದರೆ ಮುಸುರೆ. ಅದೇ ಬತ್ತ ಅವಲಕ್ಕಿಯಾಗಿ ಬಂದರೆ ಮುಸುರೆಯಲ್ಲ. ಹತ್ತಿ ಸೀರೆ ಒಗೆದು ಒಣಗಿಸಿ ಯಾರೂ ಮುಟ್ಟದಂತೆ ಇಟ್ಟರೆ ಮಾತ್ರ ಮಡಿ, ರೇಷ್ಮೆಗೆ ಅಷ್ಟು ಕಟ್ಟುನಿಟ್ಟಿಲ್ಲ. ಮಕ್ಕಳಾಗಿದ್ದ ನಮಗೆ ಇದು ನಗು. ಮುಕ್ತ ತಂತ್ರಾಂಶದವರ ನಿಯಮವೂ ಹೊರಗಿನಿಂದ ನೋಡಿದವರಿಗೆ ಹೀಗೆಯೇ ಕಾಣುತ್ತದೆ. ಮುಚ್ಚಿದ ಫರ್ಮ್‌ವೇರ್ ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಸೇರಿ, ಯಾರೂ ಬದಲಿಸಲಾಗದಂತೆ ಕೂತಿದ್ದರೆ ಅದನ್ನು ಚಿಪ್ಪಿನ ಭಾಗವೆಂದೇ ಎಣಿಸಿ ಸುಮ್ಮನಿರುತ್ತಾರೆ. ಅದೇ ಫರ್ಮ್‌ವೇರನ್ನು ಆಪರೇಟಿಂಗ್ ಸಿಸ್ಟಮ್ ಡಿಸ್ಕಿನಿಂದ ಎತ್ತಿ ಹಾಕಬೇಕಾಗಿ ಬಂದರೆ ಮೈಲಿಗೆ. ಇದಕ್ಕೊಂದು ತರ್ಕ ಇಲ್ಲದಿಲ್ಲ. ಯಾರಿಂದಲೂ ಬದಲಿಸಲಾಗದ್ದು ವಸ್ತು. ಕಂಪನಿ ಬದಲಿಸಬಹುದು, ನಾನು ಬದಲಿಸುವಂತಿಲ್ಲ ಎಂದಾದರೆ ಅದು ಅಧಿಕಾರ. ಆದರೂ, ತಿದ್ದುಪಡಿಯೇ ಸಾಧ್ಯವಿಲ್ಲದ ಚಿಪ್ ತಿದ್ದುಪಡಿ ಸಾಧ್ಯವಿರುವ ಚಿಪ್ಪಿಗಿಂತ ಮಡಿ ಎಂಬಲ್ಲಿಗೆ ಮುಟ್ಟಿದ ತರ್ಕ ನನಗೆ ಅವಲಕ್ಕಿಯನ್ನು ನೆನಪಿಸದೆ ಇರುವುದಿಲ್ಲ.

ಮಡಿ ನಮ್ಮಲ್ಲಿ ನಿರಪಾಯದ ಮಾತಲ್ಲ ಎಂಬುದು ನನಗೆ ಗೊತ್ತು. ಅದು ಎಷ್ಟು ಜನರನ್ನು ಬಾಗಿಲಾಚೆ ನಿಲ್ಲಿಸಿದೆ ಎಂಬುದನ್ನು ನಮ್ಮ ಸಾಹಿತ್ಯ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಕೆಂದೇ ಆ ಮಾತನ್ನು ಇಲ್ಲಿ ತಂದಿದ್ದೇನೆ. ಅದರೊಳಗಿನ ಎರಡು ಗುಣಗಳೂ ಈ ಪ್ರಶ್ನೆಯಲ್ಲಿವೆ. ಒಂದು, ಮಡಿಯವರಿಗೆ ಗೆರೆ ಎಲ್ಲಿದೆ ಎಂದು ಗೊತ್ತಿರುತ್ತದೆ. ಯಾವ ಕಡತ ಮುಕ್ತ, ಯಾವುದು ಅಲ್ಲ ಎಂದು ಮೂವತ್ತು ವರ್ಷ ಹಟ ಹಿಡಿದು ಎಣಿಸುತ್ತ ಬಂದ ಆ ಕೆಲವರು ಇಲ್ಲದಿದ್ದರೆ, ಇಂದು ನಮ್ಮಂಥವರು ಸುಖವಾಗಿ ಬಳಸುವ ಮುಕ್ತ ಡ್ರೈವರ್‌ಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ ಎಂದು ನಾನು ನಂಬಿದ್ದೇನೆ. ಹೇಗಿದ್ದರೂ ನಡೆಯುತ್ತದೆ ಎನ್ನುವವರು ಯಾರನ್ನೂ ಏನನ್ನೂ ಕೇಳುವುದಿಲ್ಲ. ಎರಡನೆಯ ಗುಣ, ಮಡಿ ನಡೆಯಲು ಮಡಿಯಲ್ಲಿಲ್ಲದವರ ದುಡಿಮೆ ಬೇಕು. ಅಜ್ಜಿ ಮಡಿಯಲ್ಲಿ ದೇವರಿಗೆ ಅಡುಗೆ ಮಾಡುವಾಗ ಹಾಲಿನವನಿಗೆ ದುಡ್ಡು ಕೊಡಲು, ಅಂಗಡಿಯಿಂದ ಬೆಲ್ಲ ತರಲು, ಬಾಗಿಲಿಗೆ ಬಂದವರನ್ನು ಮಾತಾಡಿಸಲು ಇನ್ನೊಬ್ಬರು ಇದ್ದೇ ಇರುತ್ತಿದ್ದರು. ಹಳೆಯ ಎಕ್ಸ್60 ಒಂದನ್ನೇ ಇಟ್ಟುಕೊಂಡು ಬದುಕಬಲ್ಲವನಿಗೂ ಹೀಗೊಂದು ಆಸರೆ ಇರುತ್ತದೆ: ಅವನ ಬ್ಯಾಂಕಿನ ಕೆಲಸವನ್ನು ಮನೆಯವರ ಫೋನು ಮಾಡುತ್ತದೆ, ಆನ್‌ಲೈನ್ ಸಭೆ ಆಫೀಸಿನ ಬೇರೆ ಯಂತ್ರದಲ್ಲಿ ನಡೆಯುತ್ತದೆ. ಒಂದೇ ಯಂತ್ರ ಇರುವವರಿಗೆ ಆ ಅನುಕೂಲವಿಲ್ಲ.

ನನ್ನ ಅಕ್ಕನ ಮಗಳು ಆ ಒಂದೇ ಯಂತ್ರದವಳು. ಕನ್ನಡ ಎಂ.ಎ. ಓದುತ್ತಿದ್ದಾಳೆ. ಕಿರುಪ್ರಬಂಧಕ್ಕೆಂದು ತನ್ನೂರಿನ ಸುತ್ತಿನ ಹೆಂಗಸರ ಬೀಸುವ ಹಾಡುಗಳನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬರೆದಿಡುತ್ತಿದ್ದಾಳೆ. ಎರಡು ವರ್ಷ ವಿದ್ಯಾರ್ಥಿವೇತನದಲ್ಲಿ ಉಳಿಸಿ, ಅಮ್ಮ ಚೀಟಿ ಎತ್ತಿದ ದುಡ್ಡೂ ಸೇರಿ ಮೂವತ್ತು ಸಾವಿರ ಆಗಿತ್ತು. "ಮಾವ, ಇಷ್ಟರಲ್ಲಿ ಲಿನಕ್ಸ್ ಓಡೋ ಹಾಗೆ ಒಂದು ಹೇಳಿ" ಎಂದಳು. ಯಾಕೆ ಲಿನಕ್ಸೇ ಬೇಕು ಎಂದು ಕೇಳಿದೆ. ನನ್ನ ಬಾಯಿಂದ ಕೇಳಿ ಕೇಳಿ ಹುಟ್ಟಿದ ಆಸೆಯಾಗಿದ್ದರೆ ಅದನ್ನು ಅಲ್ಲಿಗೇ ಬಿಡಿಸುವುದು ನನ್ನ ಉದ್ದೇಶವಾಗಿತ್ತು. ಅವಳ ಕಾರಣ ಬೇರೆ ಇತ್ತು. ವಿಭಾಗದ ಹಿರಿಯರೊಬ್ಬರು ಇಪ್ಪತ್ತು ವರ್ಷದ ಹಿಂದೆ ಸಂಗ್ರಹಿಸಿದ್ದ ಹಾಡುಗಳ ಕಡತಗಳನ್ನು ಅವಳಿಗೆ ಸಿಡಿಯಲ್ಲಿ ಕೊಟ್ಟಿದ್ದರು. ತೆರೆದರೆ ಕನ್ನಡದ ಒಂದು ಅಕ್ಷರವಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ, ತಲೆಯ ಮೇಲೆ ಚುಕ್ಕೆ ಇಟ್ಟುಕೊಂಡ ಯಾವುದೋ ದೇಶದ ಸ್ವರಗಳು.

ಈ ರೋಗ ಕನ್ನಡದಲ್ಲಿ ಬರೆಯುವ ಎಷ್ಟೋ ಜನರಿಗೆ ಗೊತ್ತು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ಪ್ರತಿಯೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ತನ್ನದೇ ಕ್ರಮದಲ್ಲಿ ಕೂರಿಸುತ್ತಿತ್ತು. ಆಯಾ ಅಕ್ಷರವಿನ್ಯಾಸ ಇದ್ದರೆ ಮಾತ್ರ ಅದು ಕನ್ನಡ, ಇಲ್ಲದಿದ್ದರೆ ಬರೀ ಗೀಚು. ಬರೆದವರು ತಾವು ಕನ್ನಡದಲ್ಲಿ ಬರೆಯುತ್ತಿದ್ದೇವೆ ಎಂದುಕೊಂಡಿದ್ದರು. ನಿಜವಾಗಿ ಅವರು ಒಂದು ನಿರ್ದಿಷ್ಟ ತಂತ್ರಾಂಶದಲ್ಲಿ ಬರೆಯುತ್ತಿದ್ದರು. ಆ ಕಡತಗಳನ್ನು ಮತ್ತೆ ಕನ್ನಡವಾಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಬರೆದು, ಅದರ ಒಳಗನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದು ಒತ್ತಕ್ಷರ ತಪ್ಪಾಗಿ ಬಂದರೆ ಆ ಸಾಲನ್ನು ಹುಡುಕಿ ನಾವೇ ತಿದ್ದಿಕೊಳ್ಳಬಹುದು. ನನ್ನ ಸೋದರ ಸೊಸೆ ಹಾಗೆ ಒಂದೆರಡು ಕಡೆ ಸ್ನೇಹಿತೆಯ ಲ್ಯಾಪ್‌ಟಾಪಿನಲ್ಲಿ ತಿದ್ದಿದ್ದಳು. "ತಿದ್ದೋಕೆ ಬಿಡೋ ಕಡೆ ಕೆಲಸ ಮಾಡ್ಬೇಕು ಅನ್ನಿಸ್ತು ಮಾವ" ಅಂದಳು. ಇದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಮುಕ್ತ ತಂತ್ರಾಂಶ ಎಂದರೆ ಕಂಪ್ಯೂಟರ್ ಹುಡುಗರ ಹವ್ಯಾಸ ಎನ್ನುವ ಸಾಹಿತ್ಯದ ಗೆಳೆಯರಿಗೆ ನಾನು ಹೇಳುವುದೂ ಇದನ್ನೇ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸಿನಲ್ಲಿ, ಕ್ರೋಮ್‌ನಲ್ಲಿ ಕ-ಗೆ ಷ ಒತ್ತು ಕೊಟ್ಟರೆ ಕ್ಷ ಆಗಿ ಕೂಡಿಕೊಳ್ಳುವುದು, ಅರ್ಕಾವತ್ತು ತನ್ನ ಜಾಗಕ್ಕೆ ಹೋಗಿ ಕೂರುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶದಿಂದ. ಅದನ್ನು ಬಳಸಲು ಕನ್ನಡಿಗರು ಯಾರ ಅನುಮತಿಯನ್ನೂ ಕೇಳಬೇಕಿಲ್ಲ. ಒಂದು ಅಕ್ಷರ ತಪ್ಪಾಗಿ ಮೂಡಿದರೆ ದೂರು ಕೊಡಬಹುದು, ಗೊತ್ತಿದ್ದರೆ ತಿದ್ದುಪಡಿಯನ್ನೇ ಕಳಿಸಬಹುದು. ಚಿಕ್ಕ ಮಾರುಕಟ್ಟೆಯ ಭಾಷೆಗೆ ಇದು ಸಣ್ಣ ಮಾತಲ್ಲ. ಕಂಪನಿ ತನಗೆ ಲಾಭವಿಲ್ಲವೆಂದು ಬಿಟ್ಟ ಕೆಲಸವನ್ನು ಆ ಭಾಷೆಯವರು ಎತ್ತಿಕೊಳ್ಳಲು ಇರುವ ದಾರಿ ಇದೊಂದೇ.

ಆದರೆ ಅವಳಿಗೆ ಯಂತ್ರ ಯಾವುದು? ಮಡಿಯ ಎಕ್ಸ್60 ಹೇಳಬಹುದಿತ್ತು. ಅದರಲ್ಲಿ ನಾಲ್ಕು ಹಾಡು ತೆರೆದಿಟ್ಟುಕೊಂಡು, ಬ್ರೌಸರಿನಲ್ಲಿ ಎರಡು ಪುಟ ತೆರೆದರೆ ಯಂತ್ರ ಏದುಸಿರು ಬಿಡುತ್ತದೆ. ಅವಳ ಕೆಲಸ ನಿಲ್ಲುತ್ತದೆ. ಇನ್ನೊಂದು ತುದಿಯಲ್ಲಿ, ಸ್ವಲ್ಪ ಸಾಲ ಮಾಡಿ ಹಳೆಯ ಎಂ1 ಮ್ಯಾಕ್‌ಬುಕ್ ಕೊಳ್ಳಬಹುದಿತ್ತು. ಆಪಲ್ 2020ರಲ್ಲಿ ಈ ಚಿಪ್ ತಂದಾಗ ಲಿನಕ್ಸಿನವರಿಗಾಗಿ ಅದರ ಒಳವಿವರ ಕೊಡಲಿಲ್ಲ. ಅಸಾಹಿ ಲಿನಕ್ಸ್ ಎಂಬ ಗುಂಪು ಒಂದೊಂದೇ ತುಂಡನ್ನು ತಾನೇ ಅರ್ಥಮಾಡಿಕೊಂಡು ಲಿನಕ್ಸ್ ಓಡಿಸಿತು. ಆ ಸಾಹಸದ ಬಗ್ಗೆ ನನಗೆ ಬಹಳ ಗೌರವ. ಆದರೂ ಮುಂದೆ ಮೆಮೊರಿ ಹೆಚ್ಚಿಸಲಾಗದ, ಕೆಟ್ಟರೆ ಊರಿನ ರಿಪೇರಿಯವನು ಕೈಹಾಕಲು ಹೆದರುವ ಯಂತ್ರವದು.

ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗೆ ನಾನು ಕಂಡ ಒಳ್ಳೆಯ ಉತ್ತರ ಡೆಬಿಯನ್‌ನವರದು. 1993ರಲ್ಲಿ ಶುರುವಾದ ಈ ಲಿನಕ್ಸ್ ಹಂಚಿಕೆ ಸ್ವಯಂಸೇವಕರೇ ನಡೆಸುವಂಥದ್ದು. ತಮ್ಮ ವ್ಯವಸ್ಥೆ ನೂರಕ್ಕೆ ನೂರು ಮುಕ್ತವಾಗಿರುತ್ತದೆ ಎಂದು ಅವರು 1997ರಲ್ಲೇ ಬರೆದುಕೊಂಡಿದ್ದರು. ಹಾಗಾಗಿ ಬಹಳ ವರ್ಷ ಅವರ ಅಧಿಕೃತ ಇನ್‌ಸ್ಟಾಲರಿನಲ್ಲಿ ಮುಚ್ಚಿದ ಫರ್ಮ್‌ವೇರ್ ಇರುತ್ತಿರಲಿಲ್ಲ. ಅದಿರುವ ಬೇರೊಂದು ಪ್ರತಿಯನ್ನು ಅಷ್ಟಾಗಿ ಕಣ್ಣಿಗೆ ಬೀಳದ ಜಾಗದಲ್ಲಿ ಇಟ್ಟಿರುತ್ತಿದ್ದರು. ಗೊತ್ತಿದ್ದವರು ಅದನ್ನು ಹುಡುಕಿ ತೆಗೆದುಕೊಳ್ಳುತ್ತಿದ್ದರು, ಗೊತ್ತಿಲ್ಲದವರು ವೈಫೈ ಇಲ್ಲದೆ ಒದ್ದಾಡುತ್ತಿದ್ದರು. 2022ರಲ್ಲಿ ಈ ಬಗ್ಗೆ ದೊಡ್ಡ ಚರ್ಚೆಯಾಯಿತು. ಅಲ್ಲಿ ಬಂದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಕಣ್ಣು ಕಾಣದವರು ಇನ್‌ಸ್ಟಾಲರನ್ನು ಧ್ವನಿಯ ಮೂಲಕ ಬಳಸುತ್ತಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಧ್ವನಿ ಬರಲಿಕ್ಕೂ ಫರ್ಮ್‌ವೇರ್ ಬೇಕು. ಅಂದರೆ ನಮ್ಮ ಮಡಿ ಉಳಿಯಿತು, ಅವರಿಗೆ ಬಾಗಿಲೇ ಕಾಣಲಿಲ್ಲ. ಆ ವರ್ಷದ ಅಕ್ಟೋಬರಿನ ಹೊತ್ತಿಗೆ ಮತದಾನ ಮುಗಿದು ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನಲ್ಲೇ ಸೇರಿಸುವುದೆಂದು ತೀರ್ಮಾನವಾಯಿತು. 2023ರ ಜೂನಿನಲ್ಲಿ ಬಂದ ಡೆಬಿಯನ್ 12 ಹಾಗೆಯೇ ಬಂತು.

ಇದನ್ನು ಸೋಲು ಎಂದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಏಕೆಂದರೆ ಅವರು ಸುಮ್ಮನೆ ಬೆರೆಸಿಬಿಡಲಿಲ್ಲ. ಮುಚ್ಚಿದ ಫರ್ಮ್‌ವೇರ್‌ಗೆ ಬೇರೆಯೇ ಒಂದು ಕಪಾಟು ಮಾಡಿ, ಅದರ ಮೇಲೆ ಇದು ಮುಕ್ತವಲ್ಲ ಎಂದು ಹೆಸರು ಬರೆದರು. ಯಾವ ಕಡತವನ್ನು ಹಾಕಿದೆ ಎಂದು ಬಳಸುವವರಿಗೆ ತಿಳಿಸುವ, ಬೇಡವೆಂದರೆ ಬಿಡುವ ವ್ಯವಸ್ಥೆಯನ್ನೂ ಇಟ್ಟರು. ಮೊದಲು ಅಧಿಕೃತವಾಗಿ ಮಡಿ, ಹಿತ್ತಿಲ ಬಾಗಿಲಲ್ಲಿ ಅನುಕೂಲ. ಈಗ ಮುಂಬಾಗಿಲಲ್ಲೇ ಅನುಕೂಲ, ಅದರ ಕೊರಳಿಗೆ ಚೀಟಿ. ನನಗೆ ಎರಡನೆಯದೇ ಹೆಚ್ಚು ನೇರವಾಗಿ ಕಾಣುತ್ತದೆ. ರಾಜಿ ಎಲ್ಲರೂ ಮಾಡಿಕೊಳ್ಳುತ್ತಾರೆ. ಮಾಡಿಕೊಂಡದ್ದರ ಲೆಕ್ಕ ಬರೆದಿಡುವವರು ಕಡಿಮೆ. ಲೆಕ್ಕ ಇದ್ದರೆ ನಾಳೆ ಅದನ್ನು ತೀರಿಸುವ ಮಾತಾದರೂ ಏಳುತ್ತದೆ. ಲೆಕ್ಕವೇ ಇಲ್ಲದವನಿಗೆ ಸಾಲವೂ ಇಲ್ಲ.

ಹಾಗಾಗಿ ಅವಳಿಗೆ ಮಾದರಿಯ ಹೆಸರಿಗಿಂತ ಮುಂಚೆ ಮೂರು ಪ್ರಶ್ನೆ ಹೇಳಿಕೊಟ್ಟೆ. ಮೊದಲನೆಯದು, ಇದು ಇವತ್ತು ನಡೆಯುತ್ತದೆಯೇ? ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಂಡು ಅಂಗಡಿಗೇ ಹೋಗಬೇಕು. ಡಿಸ್ಕಿಗೆ ಏನೂ ಮಾಡದೆ ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಏಳಿಸಿ ವೈಫೈ, ಧ್ವನಿ, ಕ್ಯಾಮೆರಾ ನೋಡಬೇಕು. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ತೆರೆಯಬೇಕು. ಎರಡನೆಯದು, ನಾಳೆ ಇದನ್ನು ಬಿಚ್ಚಬಹುದೇ? ಕೆಳಗೆ ಸ್ಕ್ರೂ ಇದೆಯೇ, ಮೆಮೊರಿಗೆ ಖಾಲಿ ಜಾಗ ಇದೆಯೇ, ಬ್ಯಾಟರಿ ಬದಲಿಸಬಹುದೇ, ಬಿಚ್ಚುವ ಕ್ರಮವನ್ನು ಕಂಪನಿ ಬರೆದು ಪ್ರಕಟಿಸಿದೆಯೇ? ಮೂರನೆಯದು, ಇದರಲ್ಲಿ ಮುಚ್ಚಿದ ಬಾಗಿಲು ಯಾವುವು ಎಂದು ನನಗೆ ಗೊತ್ತೇ?

ಮೂರಕ್ಕೂ ಹೊಂದುವ ಯಂತ್ರಗಳು ಮೂವತ್ತು ಸಾವಿರದೊಳಗೆ ಹೊಸದರಲ್ಲಿ ಸಿಗುವುದು ಕಷ್ಟ. ಹಳೆಯದರಲ್ಲಿ ಸಿಗುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಲ್ಯಾಪ್‌ಟಾಪ್‌ಗಳು ಸಾಲಾಗಿ ಕೂತಿರುತ್ತವೆ. ಇಂಥ ಮಾದರಿಗಳನ್ನು ಲಿನಕ್ಸ್ ಬರೆಯುವವರೇ ಬಳಸುತ್ತಾರಾದ್ದರಿಂದ ಅವುಗಳ ತೊಂದರೆಗಳು ಯಾರಿಗೋ ಮೊದಲೇ ಎದುರಾಗಿ ಬಗೆಹರಿದಿರುತ್ತವೆ. ಥಿಂಕ್‌ಪ್ಯಾಡ್‌ಗಳಿಗೆ ಬಿಚ್ಚಿ ಜೋಡಿಸುವ ಕೈಪಿಡಿಯನ್ನು ಕಂಪನಿಯೇ ಪ್ರಕಟಿಸುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11, ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಚಿಪ್‌ಗಳನ್ನು ಬಹುತೇಕ ಒಪ್ಪುವುದಿಲ್ಲ. ಕೈಕಾಲು ಗಟ್ಟಿ ಇರುವ ಎಷ್ಟೋ ಯಂತ್ರಗಳು ಹೀಗೆ ಒಂದು ದಿನಾಂಕದ ಕಾರಣಕ್ಕೆ ಮುದುಕರಾದವು. ಅವುಗಳಲ್ಲಿ ಲಿನಕ್ಸ್ ಆರಾಮಾಗಿ ಓಡುತ್ತದೆ. ವಸ್ತುವಿನ ಆಯಸ್ಸನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇಲ್ಲಿ ಬೇರೆ ರೂಪದಲ್ಲಿ ಮತ್ತೆ ಎದುರಾಗುತ್ತದೆ.

ಇನ್ನೊಂದು ವಿಚಿತ್ರವನ್ನೂ ಅವಳಿಗೆ ಹೇಳಿದ್ದೆ. ನಮ್ಮ ಅಂಗಡಿಗಳಲ್ಲಿ ಡಾಸ್ ಲ್ಯಾಪ್‌ಟಾಪ್ ಎಂದು ವಿಂಡೋಸ್ ಇಲ್ಲದ ಯಂತ್ರಗಳನ್ನು ಮೂರುನಾಲ್ಕು ಸಾವಿರ ಕಡಿಮೆಗೆ ಮಾರುವ ರೂಢಿ ಬಹಳ ವರ್ಷದಿಂದ ಇದೆ. ಕೊಂಡವರಲ್ಲಿ ಎಷ್ಟೋ ಜನ ಪಕ್ಕದ ಅಂಗಡಿಯಲ್ಲಿ ಕಳ್ಳ ವಿಂಡೋಸ್ ಹಾಕಿಸಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ಬಿಟ್ಟಿ ಎನ್ನುವುದಕ್ಕೂ ಸ್ವತಂತ್ರ ಎನ್ನುವುದಕ್ಕೂ ಒಂದೇ ಪದವಿರುವುದರಿಂದ ಅಲ್ಲಿನವರು ಸದಾ ವಿವರಣೆ ಕೊಡುತ್ತಿರಬೇಕು. ನಮಗೆ ಉಚಿತ, ಮುಕ್ತ ಎಂದು ಎರಡು ಪದಗಳು ಬೇರೆಬೇರೆಯಾಗಿಯೇ ಇವೆ. ಆದರೂ ಅಂಗಡಿಯಲ್ಲಿ ನಾವು ಕೇಳುವುದು ಮೊದಲನೆಯದನ್ನೇ. ಇದಕ್ಕಾಗಿ ಕೊಳ್ಳುವವರನ್ನು ಬೈಯುವುದು ನನಗೆ ಸರಿಕಾಣುವುದಿಲ್ಲ. ಒಂಟಿ ಗಿರಾಕಿಗೆ ಅಂಗಡಿಯಲ್ಲಿ ಇಟ್ಟದ್ದರಲ್ಲಿ ಆರಿಸುವುದಷ್ಟೇ ಸಾಧ್ಯ. ಕೇರಳದ ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳು ಐಟಿ ಪಾಠ ಕಲಿಯುವುದು ಅಲ್ಲಿನ ಕೈಟ್ ಸಂಸ್ಥೆ ರೂಪಿಸಿದ ಲಿನಕ್ಸ್ ಮೇಲೆ. ಅಲ್ಲಿ ಆಯ್ಕೆಯ ಭಾರ ಒಂದು ಮಗುವಿನ, ಒಬ್ಬ ತಾಯಿಯ ಚೀಟಿ ದುಡ್ಡಿನ ಮೇಲೆ ಬೀಳುವುದಿಲ್ಲ. ಆದರ್ಶದ ಬೆಲೆಯನ್ನು ಹಂಚಿಕೊಳ್ಳಲು ಸಮಾಜವೇ ಮುಂದೆ ಬಂದರೆ ಆಗುವ ವ್ಯತ್ಯಾಸ ಇದು.

ಅವಳು ಇಪ್ಪತ್ತಾರು ಸಾವಿರಕ್ಕೆ ಒಂದು ಹಳೆಯ ಆಫೀಸ್ ಲ್ಯಾಪ್‌ಟಾಪ್ ಕೊಂಡಳು. ಉಳಿದದ್ದರಲ್ಲಿ ಮೆಮೊರಿ ಹೆಚ್ಚಿಸಿಕೊಂಡಳು. ಡೆಬಿಯನ್ ಹಾಕಿದೆವು. ಅದರ ಪಕ್ಕದಲ್ಲೇ ಯಂತ್ರದ ಜೊತೆ ಬಂದಿದ್ದ ವಿಂಡೋಸನ್ನು ಡಿಸ್ಕಿನ ಒಂದು ಮೂಲೆಯಲ್ಲಿ ಉಳಿಸಿಕೊಳ್ಳುತ್ತೇನೆ ಎಂದಳು. ಪರೀಕ್ಷೆಯ ಅರ್ಜಿಯೋ, ಯಾವುದೋ ಕಚೇರಿಯ ಫಾರಮ್ಮೋ ಅದರಲ್ಲೇ ತೆರೆಯಬೇಕಾಗಿ ಬಂದರೆ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನಲ್ಲಿ ಯಾರ ಬಾಗಿಲು ತಟ್ಟಲಿ ಎಂಬುದು ಅವಳ ವಾದ. ಬೇಡ ಎನ್ನಲು ನನ್ನ ಬಳಿ ಒಳ್ಳೆಯ ಕಾರಣಗಳಿದ್ದವು. ಆದರೆ ಆ ರಾತ್ರಿ ಹನ್ನೊಂದಕ್ಕೆ ಅಲ್ಲಿರುವವಳು ಅವಳು, ನಾನಲ್ಲ.

ಎಲ್ಲ ಮುಗಿದ ಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. "ಮಾವ, ವೈಫೈ ಚಿಪ್ಪಿನೊಳಗೆ ಹಾಕ್ತೀವಲ್ಲ ಆ ಕಡತ, ಅದು ಏನ್ಮಾಡುತ್ತೆ ಅಂತ ನಿಮಗೂ ಗೊತ್ತಿಲ್ಲ ಅಲ್ವಾ?"

"ಇಲ್ಲ" ಎಂದೆ.

"ಹಂಗಾದ್ರೆ ನಿಮ್ಮ ಲ್ಯಾಪ್‌ಟಾಪು?"

"ಅದರಲ್ಲೂ ಇದೆ."

ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಪುಸ್ತಕದ ಹಿಂದಿನ ಹಾಳೆ ತೆರೆದು, ಮುಚ್ಚಿದ ಬಾಗಿಲು ಯಾವ್ಯಾವುದು ಹೇಳಿ ಬರ್ಕೊಳ್ತೀನಿ ಎಂದಳು. ವೈಫೈ ಫರ್ಮ್‌ವೇರ್, ಮ್ಯಾನೇಜ್‌ಮೆಂಟ್ ಎಂಜಿನ್, ಬಯೋಸ್, ಡಿಸ್ಕಿನ ಒಳಗಿನ ಫರ್ಮ್‌ವೇರ್, ಮೂಲೆಯ ವಿಂಡೋಸ್. ಐದು ಸಾಲಾಯಿತು. ಇವುಗಳಲ್ಲಿ ಯಾವುದನ್ನು ಯಾವಾಗ ತೆರೆಯಬಹುದು, ಯಾವುದನ್ನು ಬಿಡಬಹುದು ಎಂದು ಕೇಳಿದಳು. ವಿಂಡೋಸನ್ನು ಎಂದು ಬೇಕಾದರೂ ತೆಗೆಯಬಹುದು, ಬಯೋಸ್ ಆ ಮಾದರಿಗೆ ಯಾರಾದರೂ ಮುಕ್ತವಾದದ್ದನ್ನು ಬರೆದರೆ ಬದಲಿಸಬಹುದು, ಉಳಿದವು ಸದ್ಯಕ್ಕೆ ಹಾಗೆಯೇ ಎಂದೆ. ಅದನ್ನೂ ಪಕ್ಕದಲ್ಲಿ ಬರೆದುಕೊಂಡು, ಸಿಡಿಯ ಕಡತಗಳನ್ನು ಪರಿವರ್ತಿಸಲು ಕೂತಳು. ಮೊದಲ ಹಾಡು ಕನ್ನಡವಾಗಿ ಬಂತು, ಮೂರನೆಯ ಸಾಲಿನಲ್ಲಿ ಒಂದು ಒತ್ತು ತಪ್ಪಿತ್ತು. ಪರಿವರ್ತಕದ ಕಡತ ತೆರೆದು ಆ ಒತ್ತು ಎಲ್ಲಿದೆ ಎಂದು ಹುಡುಕತೊಡಗಿದಳು.